ಎರಡು ಗುಟುಕು ಗಂಜಿ

ನಮ್ಮೂರಿನಲ್ಲಿ ಬಾಯಿ ತೆರೆಯುವ ಮುಂಚೆ ಜನ ಒಮ್ಮೆ ಹೊಂಡದ ಕಡೆ ನೋಡುತ್ತಾರೆ. ಮನೆಯೊಳಗೆ ಕೂತಿದ್ದರೂ ಅಷ್ಟೆ, ಕಿಟಕಿಯಿಂದ ಕತ್ತು ಚಾಚಿ ನೋಡುತ್ತಾರೆ. ಹೊಂಡದ ಮುಂದೆ ಒಂದು ಕಟ್ಟೆ, ಕಟ್ಟೆಯ ಮೇಲೆ ಮೂರು ಕೋಲು ನಿಲ್ಲಿಸಿ ತೂಗುಹಾಕಿದ ಮಣ್ಣಿನ ಗಡಿಗೆ. ಅದು ಸುಮ್ಮನಿದೆಯೋ, ತೊಟ್ಟಿಕ್ಕುತ್ತಿದೆಯೋ ಎಂಬುದು ಗೊತ್ತಾದ ಮೇಲೆ ಉಳಿದ ಮಾತು. ಹೊರಗಿನವರಿಗೆ ಇದು ನಗು. ನಗಲಿ ಬಿಡಿ. ಹಾಗೆ ನಕ್ಕವರು ಆಮೇಲೆ ಏನಾದರು ಎಂಬ ಕಥೆಗಳೂ ನನ್ನ ಹತ್ತಿರ ಇವೆ, ಇವತ್ತು ಅವಲ್ಲ.

ಕಟ್ಟೆ ಹತ್ತಿದವರು ಕಾರಣ ಕೊಟ್ಟು ಒಂದು ತೀರ್ಮಾನ ಹೇಳಿದರೆ ಗಡಿಗೆಯ ತಳದ ತೂತು ತಾನಾಗಿ ತೆರೆಯುತ್ತದೆ. ತುಂಬಿದ ಗಡಿಗೆ ಬರಿದಾಗಲು ಜೋಳದ ನುಚ್ಚು ಬೇಯುವಷ್ಟು ಹೊತ್ತು ಬೇಕು. ಅಷ್ಟರೊಳಗೆ ಆ ವಾದದ ಹುಳುಕನ್ನು ಯಾರಾದರೂ ತೋರಿಸಿದರೆ, ಇಲ್ಲವೆ ಹೇಳಿದವರೇ ಮಾತು ಹಿಂದಕ್ಕೆ ತೆಗೆದುಕೊಂಡರೆ ತೂತು ಮುಚ್ಚಿಕೊಳ್ಳುತ್ತದೆ. ಎರಡೂ ಆಗದಿದ್ದರೆ ಕೊನೆಯ ಹನಿ ಬೀಳುತ್ತಲೇ ಹೇಳಿದ್ದು ಹೇಳಿದ ಹಾಗೆ ಆಗಿಬಿಡುತ್ತದೆ. ಬರೀ ತೀರ್ಮಾನವಲ್ಲ, ಅದನ್ನು ಹೊತ್ತು ತಂದ ಕಾರಣವೂ ನಿಜವಾಗಿ ಊರಲ್ಲೇ ಬೀಡುಬಿಡುತ್ತದೆ. ನಮಗೆ ಭಯ ಅದರದ್ದೇ.

ಹುಚ್ಚೀರಪ್ಪನ ಹುಣಸೆಮರವನ್ನೇ ನೋಡಿ. ಹೆಂಡತಿಯ ತಮ್ಮ ಬಂದು ಹೋದ ವರ್ಷ ಮರ ಕಾಯಿ ಬಿಡಲಿಲ್ಲ. ಅವನು ಬಂದ ಮೇಲೆ ಕಾಯಿ ಹೋಯಿತು, ಹಾಗಾಗಿ ಅವನ ಕಾಲ್ಗುಣವೇ ಕಾರಣ ಎಂದು ಹುಚ್ಚೀರಪ್ಪ ಕಟ್ಟೆಯ ಮೇಲೆ ನಿಂತು ಹೇಳಿದ. ಅವತ್ತು ಯಾರದೋ ಮದುವೆಯೂಟ, ಊರಿಗೆ ಊರೇ ಪಂಕ್ತಿಯಲ್ಲಿ ಕೂತಿತ್ತು, ಎಲೆ ಬಿಟ್ಟು ಎದ್ದು ಬಂದು ಹುಳುಕು ಹೇಳುವವರು ಇರಲಿಲ್ಲ. ಅಂದಿನಿಂದ ಆ ಪುಣ್ಯಾತ್ಮ ಅಕ್ಕನ ಮನೆಯ ಹೊಸ್ತಿಲು ತುಳಿದರೆ ಸಾಕು, ಹೀಚೆಲ್ಲ ಉದುರಿ ಅಂಗಳ ತುಂಬುತ್ತದೆ. ಅಕ್ಕ ತಮ್ಮ ಈಗ ಪಕ್ಕದೂರಿನ ಸಂತೆಯಲ್ಲಿ ಕುಂಬಳಕಾಯಿ ರಾಶಿಯ ಮಗ್ಗುಲಲ್ಲಿ ಕೂತು ಕಷ್ಟಸುಖ ಮಾತಾಡಿ ಬರುತ್ತಾರೆ. ದರ್ಜಿ ಮೌನೇಶನ ಗತಿ ಅದಕ್ಕಿಂತ ಕೆಟ್ಟದ್ದು. ಎರಡು ಓಣಿಗಳು ಬಡಿದಾಡಿಕೊಂಡಾಗ ಯಾರೋ ಕಟ್ಟೆ ಹತ್ತಿ, ನಮ್ಮ ಕಡೆ ಇಲ್ಲದವನು ವೈರಿಯ ಕಡೆಯವನೇ, ಮೂರನೆಯ ಕಡೆ ಅಂತ ಒಂದಿಲ್ಲ ಎಂದರು. ಸಿಟ್ಟಿನಲ್ಲಿದ್ದ ಊರು ತಲೆಯಾಡಿಸಿತು. ಯಾವ ಕಡೆಗೂ ಸೇರದ ಮೌನೇಶನ ಅಂಗಡಿ ಎರಡು ಓಣಿ ಕೂಡುವ ಮೂಲೆಯಲ್ಲಿ. ಇಂದಿಗೂ ನಡು ಮಧ್ಯಾಹ್ನ ಅವನಿಗೆ ಎರಡು ನೆರಳು, ಒಂದು ಈ ಓಣಿಗೆ, ಒಂದು ಆ ಓಣಿಗೆ. ಮಕ್ಕಳು ಅವನ್ನು ತುಳಿಯದಂತೆ ಜಿಗಿದು ದಾಟುತ್ತವೆ.

ಹುಳುಕು ಹೇಳುವ ಕೆಲಸ ನಮ್ಮ ಮನೆಯದು. ನಾನು ಬಾಳವ್ವ, ಹಳೆ ಬಟ್ಟೆ ಸೇರಿಸಿ ಕೌದಿ ಹೊಲಿಯುವವಳು. ಯಾರು ಬೇಕಾದರೂ ಹುಳುಕು ತೋರಿಸಬಹುದು, ಆದರೆ ಯಾರೂ ಬಾರದಿದ್ದರೆ ನಮ್ಮ ಮನೆಯವರು ಬರಲೇಬೇಕು ಎಂಬ ಕಟ್ಟು ಇದೆ. ಆ ಎರಡು ಸಲ ನಾವೂ ತಪ್ಪಿದ್ದೆವು. ನನ್ನ ಅತ್ತೆ ಸಾವಂತ್ರವ್ವ ನಲವತ್ತು ವರ್ಷ ಈ ಕೆಲಸ ಮಾಡಿದಳು. ಹಳೆಯ ಕೌದಿ ಬಿಚ್ಚುತ್ತ ಕೂತಾಗ ನನಗೆ ಕಲಿಸಿದಳು. "ಹುಳುಕು ಮಾತಿನಾಗ ಹುಡುಕಬೇಕು, ಮಾತಾಡಿದವನ ಮಾರಿಯಾಗ ಅಲ್ಲ" ಎನ್ನುವಳು. ಇನ್ನೊಂದು ಮಾತೂ ಹೇಳುವಳು: "ಹೊಲಿಗಿ ಬಿಚ್ಚಿತು ಅಂದಕೂಡಲೆ ಅರಬಿ ಹರೀತು ಅಂತ ತಿಳೀಬ್ಯಾಡ." ಮೊದಲನೆಯದು ನನಗೆ ಅರ್ಥವಾಗಿತ್ತು. ಹೊಲಿಗೆ ಬೇರೆ, ಬಟ್ಟೆ ಬೇರೆ ಎಂಬ ಎರಡನೆಯದಕ್ಕೆ ಹ್ಞೂಂಗುಟ್ಟುತ್ತಿದ್ದೆ, ಅಷ್ಟೆ.

ಹೋದ ವರ್ಷ ನನ್ನ ಮಗ ಮದುವೆಯಾಗಿ ಚಿನ್ನವ್ವನನ್ನು ಕರೆದುಕೊಂಡು ಬಂದ. ಅವಳು ದೂರದ ಊರಿನವಳು. ಬಂದ ಹೊಸದರಲ್ಲಿ ಬಾಯಿಗೆ ಬಂದದ್ದು ಆಡುವಳು, ನಾನು ಸೆರಗಿನಿಂದ ಅವಳ ಬಾಯಿ ಮುಚ್ಚುವೆ. "ನಮ್ಮೂರಾಗ ಮಾತಂದ್ರ ಬರೇ ಮಾತ್ರೀ ಅತ್ತಿ. ಆಡಿದ್ರು, ಹೋತು" ಎಂದು ನಗುವಳು. ನಾನು ಅವಳನ್ನು ಊರ ಹಿಂದಿನ ಹಾಳು ಬಾವಿಗೆ ಕರೆದುಕೊಂಡು ಹೋದೆ. ಎಂದೋ ಒಬ್ಬ ಕಟ್ಟೆ ಹತ್ತಿ, ನಮ್ಮಜ್ಜ ಸುಳ್ಳಾಡಿದವನಲ್ಲ, ಈ ಬಾವಿಗೆ ತಳವಿಲ್ಲ ಅಂದಿದ್ದ, ಆದ್ದರಿಂದ ತಳವಿಲ್ಲ ಎಂದು ಹೇಳಿದ್ದ. ಅಜ್ಜನ ಮೇಲಿನ ಗೌರವಕ್ಕೆ ಯಾರೂ ಎದುರಾಡಲಿಲ್ಲ. ಮರುದಿನ ಅದರೊಳಗೆ ಜಾರಿದ ಬಿಂದಿಗೆ ಇನ್ನೂ ಬೀಳುತ್ತಲೇ ಇದೆ. ಚಿನ್ನವ್ವ ಬಗ್ಗಿ ಕಿವಿಗೊಟ್ಟಳು. ಬಿಂದಿಗೆ ಗೋಡೆಗೆ ತಾಗುವ ಸದ್ದು, ಸಣ್ಣಗೆ, ತಡೆದು ತಡೆದು ಬರುತ್ತಿತ್ತು. ಅಂದಿನಿಂದ ಅವಳು ನಗುವುದನ್ನು ಬಿಟ್ಟಳು. ಆದರೆ ನಮ್ಮ ಹಾಗೆ ಹೆದರಿ ಮುದುರಿಕೊಳ್ಳಲಿಲ್ಲ, ಅದೊಂದು ಅವಳಿಗೆ ಬರಲೇ ಇಲ್ಲ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಊರಿಗೆ ಜ್ವರ ಬಂತು. ಮಕ್ಕಳಿಗೇ ಬಂತು. ಕೆಮ್ಮಿ ಕೆಮ್ಮಿ ನೀಲಿಗಟ್ಟುವುದು, ಮೈ ಹೆಂಚಿನಂತೆ ಸುಡುವುದು. ಕುಂಬಾರ ಓಣಿಯಲ್ಲಿ ಒಂದು ಹೆಣ್ಣುಕೂಸು ತೀರಿಕೊಂಡಿತು. ಜನ ಬಾಗಿಲು ಹಾಕಿಕೊಂಡರು. ಚಿನ್ನವ್ವ ಮಾತ್ರ ಒಂದು ತಂಬಿಗೆ ಗಂಜಿ, ಒಂದು ಒದ್ದೆ ಬಟ್ಟೆ ಹಿಡಿದು ಕರೆದವರ ಮನೆಗೆಲ್ಲ ಹೋದಳು. ಅವಳ ತಾಯಿಯದು ಬಾಣಂತಿಯರನ್ನೂ ರೋಗಿಗಳನ್ನೂ ನೋಡಿಕೊಂಡು ಬಂದ ಕೈ, ಆ ಕೈ ಇವಳಿಗೂ ಬಂದಿತ್ತು. ಚಿನ್ನವ್ವನಿಗೆ ಆಗ ನಾಲ್ಕು ತಿಂಗಳ ಬಸುರು. ಬೇಡವೆಂದು ಬೈದೆ, ಕಾಲು ಹಿಡಿಯುವುದೊಂದು ಬಾಕಿ. "ಕರದ್ರ ಹೋಗಲಾರದ ಹೆಂಗಿರ್ಲಿ ಅತ್ತಿ" ಎಂದು ಹೋಗಿಯೇ ಹೋದಳು. ಮಗ ಸುಣ್ಣದ ಗೂಡಿಗೆ ಕಲ್ಲು ತರಲು ಹೋದವನು ಇನ್ನೂ ತಿರುಗಿರಲಿಲ್ಲ.

ಆ ದಿನ ನಸುಕಿನಲ್ಲೇ ಯಾರಿಗೋ ಗಂಜಿ ಕುಡಿಸಿ ಬಂದ ಅವಳು ಮುಂಜಾನೆ ರೊಟ್ಟಿ ಬೇಡವೆಂದಳು. ಕಣ್ಣು ಕೆಂಪಾಗಿದ್ದವು. ನಿದ್ದೆಗೆಟ್ಟದ್ದಕ್ಕೆ ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು, ಅದಕ್ಕೆ ಅಂದುಕೊಂಡೆ. ಅಷ್ಟರಲ್ಲಿ ಹೊಂಡದ ಕಡೆಯಿಂದ ಜನರ ಗುಜುಗುಜು ಕೇಳಿತು. ಸೂಜಿ ಬಿಟ್ಟು ಓಡಿದೆ, ಚಿನ್ನವ್ವ ಹಿಂದೆ ಬಂದಳು.

ಕಟ್ಟೆಯ ಮೇಲೆ ಎಣ್ಣೆಗಾಣದ ರಾಚಪ್ಪ ನಿಂತಿದ್ದ. ಅವನು ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನ ಒಬ್ಬನೇ ಮೊಮ್ಮಗ ಆರು ದಿನದಿಂದ ಜ್ವರದಲ್ಲಿ ಬಿದ್ದಿದ್ದ. ರಾಚಪ್ಪನ ಕಣ್ಣು ಒಳಗೆ ಹೋಗಿದ್ದವು, ಅಂಗಿಯ ಗುಂಡಿ ತಪ್ಪಿ ಹಾಕಿದ್ದ. ಹೆದರಿದ ಮನುಷ್ಯನಿಗೆ ಒಂದು ಕಾರಣ ಸಿಕ್ಕರೆ ಔಷಧ ಸಿಕ್ಕಷ್ಟೇ ಸಮಾಧಾನ. ಅವನಿಗೆ ಕಾರಣ ಸಿಕ್ಕಿತ್ತು.

"ಕುಂಬಾರ ಓಣಿಯಾಗ ಜ್ವರ, ಅಲ್ಲಿ ಚಿನ್ನವ್ವ" ಎಂದ. "ಅಗಸಿ ಓಣಿಯಾಗ ಜ್ವರ, ಅಲ್ಲೂ ಚಿನ್ನವ್ವ. ನನ್ನ ಮನಿಯಾಗ ಜ್ವರ, ಅಲ್ಲೂ ಚಿನ್ನವ್ವ. ಆಕಿ ಕಾಲಿಡದ ಮನಿಯಾಗ ಜ್ವರ ಇಲ್ಲ. ಅಂದಮ್ಯಾಲ ಜ್ವರ ಹೊತ್ಕೊಂಡು ತಿರಗಾಕಿ ಚಿನ್ನವ್ವನ. ಆಕಿ ಮುಟ್ಟಿದವರಿಗೆ ಜ್ವರ ಬರತೈತಿ. ಹುಳುಕಿದ್ರ ಹೇಳ್ರಿ."

ಗಡಿಗೆಯ ತಳದಿಂದ ಮೊದಲ ಹನಿ ಬಿತ್ತು. ಕೆಳಗಿಟ್ಟ ಹಿತ್ತಾಳೆಯ ಪರಾತದಲ್ಲಿ ಟಣ್ ಎಂದಿತು. ಈ ಮಾತು ನಿಂತರೆ ಇವತ್ತಿನಿಂದ ನನ್ನ ಸೊಸೆ ಯಾರನ್ನು ಮುಟ್ಟಿದರೂ ಅವರಿಗೆ ಜ್ವರ. ಗಂಡನನ್ನು ಮುಟ್ಟುವಂತಿಲ್ಲ, ನನ್ನನ್ನು ಮುಟ್ಟುವಂತಿಲ್ಲ. ಹೊಟ್ಟೆಯಲ್ಲಿರುವ ಕೂಸು ಹುಟ್ಟಿದ ಗಳಿಗೆಯಲ್ಲೇ ತಾಯಿಯ ಕೈಯಿಂದ ಸುಡಬೇಕು. ಸುತ್ತ ನಿಂತ ಮುಖಗಳನ್ನು ನೋಡಿದೆ. ಚಿನ್ನವ್ವನ ಕೈಯಿಂದ ಗಂಜಿ ಕುಡಿದ ಮನೆಯವರೇ ಎಲ್ಲ. ಒಬ್ಬರೂ ತುಟಿ ಬಿಚ್ಚಲಿಲ್ಲ. ರಾಚಪ್ಪನ ಮಾತು ನಿಜವಾದರೆ ಸಾಕಪ್ಪ, ಒಬ್ಬಳನ್ನು ದೂರ ಇಟ್ಟರೆ ಜ್ವರ ದೂರ ಹೋಗುತ್ತದಲ್ಲ ಎಂಬ ಆಸೆ ಆ ಮುಖಗಳಲ್ಲಿ ಇತ್ತು. ಅದನ್ನು ನೋಡಿ ನನಗೆ ಇನ್ನಷ್ಟು ದಿಗಿಲಾಯಿತು.

ಕಟ್ಟೆ ಹತ್ತಿದೆ. ಹತ್ತಿದವಳು ಏನು ಮಾಡಬೇಕಿತ್ತು, ಏನು ಮಾಡಿದೆ ನೋಡಿ. "ಏ ರಾಚಪ್ಪ, ನಿನ್ನ ಮಾತು ಯಾರ ಕೇಳಬೇಕು? ನಿಮ್ಮಪ್ಪ ಸತ್ತ ದಿನಾನೂ ಕುಡದು ಗಟಾರದಾಗ ಬಿದ್ದಾಂವ ನೀ" ಎಂದೆ. ಜನ ಒಂದು ಗಳಿಗೆ ಕಿಸಕ್ಕೆಂದರು. ಗಡಿಗೆ ಕೇಳಲಿಲ್ಲ. ಟಣ್, ಟಣ್. ರಾಚಪ್ಪ ತಲೆ ತಗ್ಗಿಸಿದ. "ಖರೇ ಐತಿ ಬಾಳಕ್ಕ, ಬಿದ್ದಿದ್ದೆ. ಆದ್ರ ಅದು ಇದಕ್ಕ ಉತ್ತರ ಅಲ್ಲ" ಎಂದ. ಅತ್ತೆ ಕಲಿಸಿದ ಮೊದಲ ಪಾಠವನ್ನೇ ಮರೆತ ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ಆಮೇಲೆ ಅಳತೊಡಗಿದೆ. "ಬಸುರಿ ಹೆಂಗಸು, ನಿಮ್ಮ ಕಾಲು ಬೀಳ್ತೀನಿ, ಆಕಿ ಮ್ಯಾಲ ಇಂಥಾ ಮಾತು ಹಾಕಬ್ಯಾಡ್ರಿ" ಎಂದು ಸೆರಗೊಡ್ಡಿದೆ. ಎರಡು ಮೂರು ಹೆಂಗಸರ ಕಣ್ಣು ಒದ್ದೆಯಾದವು. ಗಡಿಗೆಗೆ ಕಣ್ಣೀರಿನ ಲೆಕ್ಕವೂ ಇಲ್ಲ. ನೀರು ಅರ್ಧಕ್ಕೆ ಇಳಿದಿತ್ತು. ಹನಿಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ನಲವತ್ತು ಜನರ ವಾದ ಬಿಚ್ಚಿದವಳಿಗೆ ನನ್ನದೇ ಮನೆಯ ಗಂಟು ಬಿಚ್ಚಲು ಎಳೆ ಸಿಗಲಿಲ್ಲ.

ಕಟ್ಟೆಯ ಕೆಳಗೆ ಚಿನ್ನವ್ವ ನಿಂತಿದ್ದಳು. ಅವಳ ಕೈಯಲ್ಲಿ ಗಂಜಿಯ ತಂಬಿಗೆ ಹಾಗೇ ಇತ್ತು, ಮನೆಯಿಂದ ಹಾಗೇ ಹಿಡಿದುಕೊಂಡು ಬಂದಿದ್ದಳು. ಆ ತಂಬಿಗೆ ನೋಡುತ್ತಿದ್ದಂತೆ ನನಗೆ ಹೊಳೆಯಿತು. ಗಂಜಿ ಯಾರಿಗೆ ಒಯ್ಯುತ್ತಾರೆ? ಗಟ್ಟಿ ಇದ್ದವರಿಗೆ ಯಾರೂ ಒಯ್ಯುವುದಿಲ್ಲ.

"ರಾಚಪ್ಪ, ನಿನ್ನ ಮನಿಗೆ ಮೊದಲ ಬಂದದ್ದು ಯಾವುದು? ಚಿನ್ನವ್ವನೋ, ಜ್ವರಾನೋ?"

ಅವನು ಹೆಂಡತಿಯ ಕಡೆ ತಿರುಗಿದ. ಗುಂಪಿನಿಂದ ಗೌರವ್ವ ಮುಂದೆ ಬಂದಳು. "ಜ್ವರ" ಎಂದಳು. "ಹುಡುಗನ ಮೈ ಕೆಂಡ ಆದಮ್ಯಾಲ ನಾನ ಹೋಗಿ ಆಕಿನ ಕರಕೊಂಡ ಬಂದೆ. ಸುಳ್ಳ ಹೇಳಿದ್ರ ನನ್ನ ನಾಲಿಗಿ ಸೇದಿ ಹೋಗ್ಲಿ."

"ಕೇಳಿದ್ರಿಲ್ಲೋ" ಎಂದೆ. "ಜ್ವರ ಬಂದ ಮನಿಗೆ ಆಕಿ ಹೋಗ್ಯಾಳ. ಆಕಿ ಹ್ವಾದಳು ಅಂತ ಜ್ವರ ಬಂದಿಲ್ಲ. ಎರಡೂ ಒಂದ ಕಡೆ ಕಂಡ್ವು ಅಂತ ಇದು ಅದನ್ನ ತಂತು ಅನ್ನಾಕ ಬರೂದಿಲ್ಲ. ರಾಚಪ್ಪ ಹಿಂದಿನದ್ದು ಮುಂದ ಮಾಡ್ಯಾನ."

ಹನಿ ನಿಂತಿತು. ತಳದಲ್ಲಿ ಇನ್ನೊಂದು ಹನಿ ಕಟ್ಟಿ ಬೀಳಲಾರದೆ ಹಾಗೇ ಒಳಗೆ ಹೋಯಿತು. ಗಡಿಗೆಯಲ್ಲಿ ಕಾಲು ಭಾಗ ನೀರು ಉಳಿದಿತ್ತು. ಜನ ಉಸಿರು ಬಿಟ್ಟರು. ರಾಚಪ್ಪ ಕಟ್ಟೆ ಇಳಿದು ಹೆಂಡತಿಯ ಪಕ್ಕ ಕುಸಿದು ಕೂತ.

ನಾನೂ ಇಳಿಯಬೇಕಿತ್ತು. ಇಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೆದರಿಕೆ ಹೋದ ಕೂಡಲೇ ನಾಲಿಗೆಗೆ ಕೊಬ್ಬು ಬರುತ್ತದೆ. ನಾಳೆ ಇನ್ನೊಬ್ಬ ಎದ್ದು ಇದೇ ಮಾತು ಬೇರೆ ಬಣ್ಣದಲ್ಲಿ ಹೇಳಿದರೆ? ಇವತ್ತೇ ಬಾಗಿಲು ಮುಚ್ಚಿಬಿಡಬೇಕು ಎನಿಸಿತು. "ಎಲ್ಲಾರೂ ಕೇಳ್ರಿ" ಎಂದೆ. "ರಾಚಪ್ಪನ ವಾದ ಹುಳುಕು. ಹುಳುಕು ವಾದದಿಂದ ಬಂದ ಮಾತು ಸುಳ್ಳು. ಅದಕ್ಕ ನನ್ನ ಸೊಸಿ ಮೈಯಾಗ ಜ್ವರ ಇಲ್ಲ."

ಟಣ್.

ನಾನು ಗಡಿಗೆಯನ್ನು ನೋಡಿದೆ. ಜನ ತಲೆಯಾಡಿಸುತ್ತಿದ್ದರು. ಬಾಳಕ್ಕ ಹೇಳಿದ ಮೇಲೆ ಅದರಲ್ಲಿ ಹುಳುಕು ಹುಡುಕುವವರು ಯಾರು? ನಾನೇ ಅಲ್ಲವೆ ಹುಡುಕುವವಳು. ಮೊದಲು ಒಳಗೊಳಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಕಾಲು ಗಡಿಗೆ ನೀರು ಇಳಿದರೆ ಚಿನ್ನವ್ವನ ಮೈಯಲ್ಲಿ ಜ್ವರವಿಲ್ಲ ಎಂಬುದು ನಿಜವಾಗುತ್ತದೆ. ಮುಂಜಾನೆಯ ಕೆಂಪು ಕಣ್ಣು, ಬಿಟ್ಟ ರೊಟ್ಟಿ, ಎಲ್ಲ ಅಳಿಸಿ ಹೋಗುತ್ತದೆ.

ಆಗ ಕಟ್ಟೆಯ ಬುಡದಲ್ಲಿ ರಾಚಪ್ಪ ಹೆಂಡತಿಗೆ ಸಮಾಧಾನ ಹೇಳುವುದು ಕೇಳಿತು. "ಅಳಬ್ಯಾಡ ಸುಮ್ನಿರು. ಮುಂಜಾನೆ ಎರಡ ಗುಟುಕು ಗಂಜಿ ಕುಡದಾನ. ಅಂದಮ್ಯಾಲ ಉಳೀತಾನ."

ಕಟ್ಟೆಯ ಕೆಳಗಿನ ಮಾತು ಅದು, ಅದಕ್ಕೆ ಗಡಿಗೆಯ ಲೆಕ್ಕವಿಲ್ಲ. ಎಲ್ಲ ಅಜ್ಜಂದಿರೂ ಆಡುವ ಮಾತು. ಎರಡು ಗುಟುಕು ಗಂಜಿ ಕುಡಿದವರೆಲ್ಲ ಉಳಿಯುವುದಿಲ್ಲ, ಕುಂಬಾರರ ಕೂಸೂ ಕುಡಿದಿತ್ತು. ಅದು ಹುಳುಕು ವಾದ. ಹುಳುಕು ವಾದದಿಂದ ಬಂದ ಮಾತು ಸುಳ್ಳು ಎಂಬ ನನ್ನ ಕಾರಣ ಗಡಿಗೆಯಲ್ಲಿ ಇಳಿಯುತ್ತಿತ್ತು. ಅದು ಬರಿದಾದರೆ ಆ ಕಾರಣವೂ ನಿಜವಾಗಿ ಊರಲ್ಲಿ ಉಳಿಯುತ್ತದೆ. ಆಗ ‘ಉಳೀತಾನ’ ಎಂಬ ರಾಚಪ್ಪನ ಮಾತು ಸುಳ್ಳಾಗಬೇಕು. ಆ ಹುಡುಗ ಸಾಯಬೇಕು. ಅವನೊಬ್ಬನೇ ಅಲ್ಲ, ಊರಲ್ಲಿ ಯಾವ ತಾಯಿ ಏನು ಆಸೆಪಟ್ಟು ಕೆಟ್ಟ ಕಾರಣ ಹೇಳಿಕೊಂಡರೂ ಆ ಆಸೆ ಅಲ್ಲೇ ಮಣ್ಣು.

ಅರಬಿ, ಹೊಲಿಗೆ. ಅತ್ತೆಯ ಎರಡನೆಯ ಪಾಠ ಇಪ್ಪತ್ತು ವರ್ಷದ ಮೇಲೆ ಆ ಕಟ್ಟೆಯ ಮೇಲೆ ಅರ್ಥವಾಯಿತು. ವಾದ ಬಿಚ್ಚಿತು ಎಂದರೆ ವಾದ ಬಿಚ್ಚಿತು, ಅಷ್ಟೆ. ಮಾತು ನಿಜವೋ ಸುಳ್ಳೋ, ಅದನ್ನು ಬೇರೆಯೇ ನೋಡಬೇಕು.

ಈಗ ನನ್ನ ಪಾಪ ಹೇಳುತ್ತೇನೆ. ಬಾಯಿ ತೆರೆದರೆ ಸಾಕಿತ್ತು. ಮಾತು ಹಿಂದಕ್ಕೆ ಎಂದು ಒಂದು ಮಾತು ಅಂದಿದ್ದರೆ ತೂತು ಮುಚ್ಚುತ್ತಿತ್ತು. ನಾನು ಅನ್ನಲಿಲ್ಲ. ರಾಚಪ್ಪನ ಮೊಮ್ಮಗನನ್ನು ನಾನು ಎತ್ತಿ ಆಡಿಸಿದ್ದೇನೆ, ಅವನಿಗೆ ಚಿಂದಿ ಸೇರಿಸಿ ಪುಟ್ಟ ಕೌದಿ ಹೊಲಿದುಕೊಟ್ಟಿದ್ದೇನೆ. ಆದರೂ ಹಲ್ಲು ಕಚ್ಚಿ ನಿಂತು ಹನಿ ಎಣಿಸಿದೆ. ಇನ್ನಿಷ್ಟು, ಇನ್ನಿಷ್ಟು. ಯಾರಿಗೂ ತಿಳಿಯುವುದಿಲ್ಲ, ನನಗೊಬ್ಬಳಿಗೇ ತಿಳಿಯುತ್ತದೆ ಎಂದುಕೊಂಡೆ.

"ಅತ್ತಿ."

ಚಿನ್ನವ್ವ ತಂಬಿಗೆಯನ್ನು ಗೌರವ್ವನ ಕೈಗೆ ಕೊಟ್ಟು ಕಟ್ಟೆ ಹತ್ತುತ್ತಿದ್ದಳು. ನಾನು ಕಣ್ಣಿನಲ್ಲೇ ಬೇಡ ಎಂದೆ, ಕೈಯಾಡಿಸಿದೆ. ಅವಳು ನೋಡಿಯೂ ನೋಡದ ಹಾಗೆ ಬಂದು ನನ್ನ ಪಕ್ಕ ನಿಂತಳು. ಮೆಲ್ಲಗೇ ಮಾತಾಡಿದಳು, ಆದರೆ ಎಲ್ಲರಿಗೂ ಕೇಳಿತು.

"ಅವರ ವಾದ ಹುಳುಕು ಅಂದ್ರ ಅವರ ಮಾತು ಸುಳ್ಳು ಅಂತ ಆಗೂದಿಲ್ರೀ ಅತ್ತಿ. ದಾರಿ ತಪ್ಪಿದಾಂವನೂ ಒಮ್ಮೊಮ್ಮೆ ಊರು ಮುಟ್ಟತಾನ." ಆಮೇಲೆ ನನ್ನ ಕೈ ಹಿಡಿದು ತನ್ನ ಕುತ್ತಿಗೆಗೆ ಇಟ್ಟುಕೊಂಡಳು. "ನೋಡ್ರಿ. ನಿನ್ನೆ ಸಂಜಿಂದ ಐತಿ."

ಹನಿ ನಿಂತಿತು. ಗಡಿಗೆಯ ತಳದಲ್ಲಿ ಒಂದು ಬೊಗಸೆ ನೀರು ಇತ್ತು. ಅವಳ ಕುತ್ತಿಗೆ ಸುಡುತ್ತಿತ್ತು.

ಆ ಬೊಗಸೆ ನೀರು ಇಳಿದಿದ್ದರೆ ಅವಳ ಜ್ವರ ಅಲ್ಲೇ ಬಿಡುತ್ತಿತ್ತು. ಅದು ಅವಳಿಗೆ ಗೊತ್ತಿತ್ತೇ ಎಂದು ಮನೆಗೆ ಬರುವ ದಾರಿಯಲ್ಲಿ ಕೇಳಿದೆ. "ಗೊತ್ತಿತ್ರೀ" ಎಂದಳು. "ಆ ಹುಡುಗನ ಬಾಯಿಗೆ ಆ ಎರಡ ಗುಟುಕು ಹಾಕಿದಾಕಿ ನಾನ ಅಲ್ಲೇನ್ರೀ ಅತ್ತಿ?" ನಾನು ಕಟ್ಟೆಯ ಮೇಲೆ ಬಾಯಿ ಮುಚ್ಚಿ ನಿಂತದ್ದರ ಬಗ್ಗೆ ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಇವತ್ತಿಗೆ ಒಂಬತ್ತು ದಿನ. ಮಗ ಬಂದಿದ್ದಾನೆ, ಅವಳ ತಲೆದೆಸೆಯಲ್ಲಿ ಕೂತಿದ್ದಾನೆ. ರಾಚಪ್ಪನ ಮೊಮ್ಮಗ ಮೊನ್ನೆ ಎದ್ದು ಕೂತನಂತೆ, ರೊಟ್ಟಿ ಕೇಳಿದನಂತೆ. ದಿನಾ ಮುಂಜಾನೆ ಗೌರವ್ವ ನಮ್ಮದೇ ತಂಬಿಗೆಯಲ್ಲಿ ಗಂಜಿ ತರುತ್ತಾಳೆ. ರಾಚಪ್ಪ ಅಂಗಳದಾಚೆ ನಿಲ್ಲುತ್ತಾನೆ, ಒಳಗೆ ಬಾ ಎಂದರೆ ಬರುವುದಿಲ್ಲ. ಎಂಟು ದಿನ ಚಿನ್ನವ್ವನ ಗಂಟಲಲ್ಲಿ ನೀರಿನ ಹನಿ ಬಿಟ್ಟು ಏನೂ ಇಳಿಯಲಿಲ್ಲ. ಇವತ್ತು ತಲೆ ಎತ್ತಿ ಹಿಡಿದು ಕುಡಿಸಿದೆ. ಒಂದು ಗುಟುಕು, ಆಮೇಲೆ ಇನ್ನೊಂದು.

ಗೌರವ್ವ ನನ್ನ ಮುಖ ನೋಡಿದಳು. ಅವಳ ಮನಸ್ಸಿನಲ್ಲಿ ಯಾವ ಮಾತು ಬಂತೆಂದು ನನಗೆ ಗೊತ್ತು, ನನ್ನ ಮನಸ್ಸಿನಲ್ಲೂ ಅದೇ ಬಂತು. ಅವಳ ಮೊಮ್ಮಗ ಎರಡು ಗುಟುಕು ಕುಡಿದ, ಎದ್ದು ಕೂತ. ಅದರ ಮುಂದಿನ ಮಾತಿನ ಹುಳುಕು ಊರಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅದನ್ನು ನುಂಗಿಕೊಂಡು ತಂಬಿಗೆ ಬದಿಗಿಟ್ಟೆ. ಚಿನ್ನವ್ವ ಎರಡು ಗುಟುಕು ಗಂಜಿ ಕುಡಿದಿದ್ದಾಳೆ. ಅಷ್ಟೇ ಹೇಳುತ್ತೇನೆ.